ಮಲಕಪ್ಪನ ಪೊಳ್ಳು ಕಂಬ

ಒದ್ದೆ ಕೈಯಿಂದ ಕರೆಂಟು ಮುಟ್ಟಿದವರು ಸಾಯುತ್ತಾರೆ. ಇದು ನಿಮಗೆ ಗೊತ್ತಿರಬೇಕು. ಕಂದೀಲು ಹೋಗಿ ಬಲ್ಬು ಬಂದು ಇಷ್ಟು ವರ್ಷವಾದ ಮೇಲೆ ಪುಣೆಯಲ್ಲಿ ಇದು ಗೊತ್ತಿಲ್ಲ ಎನ್ನುವವನು ಸುಳ್ಳ. ಆದರೂ ಈ ಊರಿನ ಒಂದು ಕಚೇರಿಯಲ್ಲಿ, ಓದುಬರಹ ಬಲ್ಲ ಜನ, ಅದರಲ್ಲೂ ಯಾರು ಯಾವಾಗ ಸತ್ತಾರು ಎಂದು ಅಂದಾಜು ಮಾಡಿಯೇ ಹೊಟ್ಟೆ ಹೊರೆಯುವ ಜನ, ಒಂದು ಮಳೆಗಾಲವಿಡೀ ಕರೆಂಟಿಗೆ ಊದುಬತ್ತಿ ಬೆಳಗಿದರು.

ಆ ಕರೆಂಟನ್ನು ಕಂಬದೊಳಗೆ ಕೂರಿಸಿದವನು ನಮ್ಮವನೇ, ಮಲಕಪ್ಪ. ಅವನ ಕಥೆ ಹೇಳುತ್ತೇನೆ. ಕಂಪನಿಯ ಹೆಸರು ಹೇಳುವುದಿಲ್ಲ. ಹೇಳಿದರೆ ಸಂಪಾದಕರ ಮೇಜಿನ ಮೇಲೆ ವಕೀಲರ ನೋಟೀಸು ಬಂದು ಬೀಳುತ್ತದೆ. ಓದುತ್ತಿರುವ ಕಂಪನಿಯವರಿಗೆ ತಾವು ಯಾರೆಂದು ತಿಳಿಯುತ್ತದೆ, ಅಷ್ಟು ಸಾಕು.

ಮಲಕಪ್ಪ ಬೈಲಹೊಂಗಲದ ಕಡೆಯವನು. ಬಡಿಗರ ಮನೆ. ತಾನು ನಡೆಯಲು ಕಲಿತದ್ದೇ ಅಪ್ಪನ ಉಜ್ಜುಗೊರಡು ಹಿಡಿದುಕೊಂಡು ಎನ್ನುತ್ತಿದ್ದ. ಸುಳ್ಳಿರಬೇಕು, ತನ್ನ ಬಗ್ಗೆ ಹೇಳುವಾಗ ಒಂದಕ್ಕೆ ಎರಡು ಸೇರಿಸದೆ ಬಿಟ್ಟವನಲ್ಲ ಅವನು. ಆದರೆ ಅಜ್ಜನಿಂದ ಬಂದ ಎರಡು ಮಾತುಗಳನ್ನು ಮಾತ್ರ ಏನೂ ಹಿಗ್ಗಿಸದೆ ಹೇಳುತ್ತಿದ್ದ. ಮರ ಬೆಳೆದ ಹಾಗೆಯೇ ಕಂಬ ನಿಲ್ಲಬೇಕು, ಬುಡ ಕೆಳಗೆ, ತುದಿ ಮೇಲೆ. ಹೊರೆ ಹೊರದ ಕಂಬವನ್ನು ಸೂರಿನಡಿ ನಿಲ್ಲಿಸಬಾರದು. ಅದು ಸುಳ್ಳು ಕಂಬ, ನಿಲ್ಲಿಸಿದವನ ವಂಶಕ್ಕೆ ಕೇಡು.

ಪುಣೆಗೆ ಬಂದದ್ದು ಒಬ್ಬ ಗುತ್ತಿಗೆದಾರನ ಬೆನ್ನು ಹತ್ತಿ, ಬಾಗಿಲು ಕಿಟಕಿ ಮಾಡುವುದಕ್ಕೆ. ಆ ಹೊತ್ತಿಗೆ ಪೇಟೆ ಪೇಟೆಗೂ ಕರೆಂಟು ಬರುತ್ತಿತ್ತು. ಕರೆಂಟಿಗೂ ಬಡಿಗನಿಗೂ ಏನು ಸಂಬಂಧ ಎನ್ನಬೇಡಿ. ವೈರು ಗೋಡೆಯ ಮೇಲೆ ಬರಿಮೈಯಲ್ಲಿ ಓಡುವಂತಿಲ್ಲ. ಸಾಗವಾನಿ ಪಟ್ಟಿಯಲ್ಲಿ ಎರಡು ಕಾಲುವೆ ಕೊರೆದು, ಒಂದೊಂದರಲ್ಲಿ ಒಂದೊಂದು ವೈರು ಮಲಗಿಸಿ, ಮೇಲೆ ತೆಳುವಾದ ಇನ್ನೊಂದು ಪಟ್ಟಿಯನ್ನು ಮುಚ್ಚಳದಂತೆ ಕೂರಿಸಬೇಕು. ವೈರ್‌ಮನ್ ಅಂದರೆ ಅರ್ಧ ಬಡಿಗ. ಉಳಿದರ್ಧವನ್ನು ಮಲಕಪ್ಪ ನೋಡಿ ನೋಡಿಯೇ ಕಲಿತ. ಕಲಿತ ಮೇಲೆ ಅವನನ್ನು ಹಿಡಿಯುವವರಿರಲಿಲ್ಲ. ಭವಾನಿ ಪೇಟೆಯ ಚಾಳಿನ ಕಟ್ಟೆಯ ಮೇಲೆ ಕೂತು, "ನಾ ಮುಚ್ಚಿದ ವೈರ್ ಹಲ್ಲಿಗೂ ಸಿಗಂಗಿಲ್ಲ," ಎಂದು ಹೋಗುವವರಿಗೂ ಬರುವವರಿಗೂ ಹೇಳುತ್ತಿದ್ದ.

"ಹಲ್ಲಿ ಯಾಕ ಹುಡುಕ್ತೈತೋ ನಿನ್ನ ವೈರ? ಅದಕ್ಕೇನ ಬ್ಯಾರೆ ಕೆಲಸ ಇಲ್ಲೇನು?" ಎಂದು ಕೇಳುತ್ತಿದ್ದವಳು ಪಕ್ಕದ ಖೋಲಿಯ ಕಲ್ಲವ್ವ. ವಿಧವೆ. ಇಂದೂ ಎಂಬ ಒಬ್ಬಳೇ ಮಗಳು. ಶನಿವಾರ ಪೇಟೆಯ ಒಂದು ಜೀವವಿಮಾ ಕಚೇರಿಯಲ್ಲಿ ಕಸ ಹೊಡೆದು, ನೆಲ ಒರೆಸುವ ಕೆಲಸ. ಮಲಕಪ್ಪನನ್ನು ಆ ಕಚೇರಿಗೆ ಕರೆದುಕೊಂಡು ಹೋದದ್ದೂ ಅವಳೇ. ಅಲ್ಲಿಗೆ ಒಬ್ಬ ವೈರ್‌ಮನ್ ಬೇಕಾಗಿತ್ತು.

ಕಚೇರಿ ಇದ್ದದ್ದು ಒಂದು ಹಳೆಯ ವಾಡೆಯಲ್ಲಿ. ಕೆಳಗೆ ಕಲ್ಲು ಚಪ್ಪಡಿ, ಮೇಲೆ ತೊಲೆ ಹಲಗೆಯ ಸೂರು, ನಡುವೆ ನಾಲ್ಕು ಹಳೆಯ ಕಂಬ. ಗುಮಾಸ್ತರ ಮೇಜುಗಳೆಲ್ಲ ಹಜಾರದ ನಡುವೆ. ಪ್ರತಿ ಮೇಜಿಗೂ ಒಂದು ದೀಪ ಕೊಡಲು ಸೂರಿನಿಂದ ವೈರುಗಳನ್ನು ಇಳಿಬಿಟ್ಟಿದ್ದರು, ಪಡವಲಕಾಯಿ ಚಪ್ಪರದಂತೆ. ಮ್ಯಾನೇಜರ್ ಅಪ್ಪಾಸಾಹೇಬರಿಗೆ ಆ ನೋಟ ಕಂಡರೆ ಆಗುತ್ತಿರಲಿಲ್ಲ. ಅವರು ಹೇಳಿದ್ದನ್ನು ಮರಾಠಿಯಿಂದ ಇಳಿಸಿದರೆ ಹೀಗಾಗುತ್ತದೆ: "ಜೀವವಿಮೆ ಮಾಡಿಸಲು ಬಂದವನು ತಲೆ ಎತ್ತಿ ನೋಡುತ್ತಾನೆ. ಸೂರಿನಿಂದ ಸಾಲಾಗಿ ಹಗ್ಗ ಇಳಿಬಿದ್ದಿವೆ. ಅವನು ಏನೆಂದು ತಿಳಿಯಬೇಕು? ಈ ಕಂಪನಿ ನಮ್ಮನ್ನು ನೇಣು ಹಾಕಲು ಕೂತಿದೆ ಎಂದಲ್ಲವೇ? ನನಗೆ ವೈರು ಕಾಣಬಾರದು. ಏನು ಬೇಕಾದರೂ ಮಾಡು, ವೈರು ಕಾಣಬಾರದು."

ಈ ಒಂದು ಮಾತಿನಲ್ಲಿ ಅಪ್ಪಾಸಾಹೇಬರೊಂದಿಗೆ ನನ್ನ ಪೂರ್ಣ ಸಹಮತಿ ಇದೆ. ನೋಡಿದರೆ ನೇಣೇ.

ಕಲ್ಲು ನೆಲ ಅಗೆಯುವಂತಿಲ್ಲ. ಸೂರಿನ ಹಲಗೆಯ ಮೇಲಿನಿಂದ ವೈರು ತಂದು ಮೇಜಿನ ಪಕ್ಕಕ್ಕೇ ಇಳಿಸಬೇಕು. ಮಲಕಪ್ಪ ಹಳೆಯ ಕಂಬಗಳನ್ನು ಸವರಿ ನೋಡಿದ. ಅವುಗಳಂಥವೇ ಕಂಬ ಮಾಡುತ್ತೇನೆ, ಒಳಗೆ ಪೊಳ್ಳು, ಎರಡು ಹೋಳು ಕೂಡಿಸಿದ್ದು, ವೈರು ಒಳಗೇ ಇಳಿದು ಮೇಜಿನ ಎತ್ತರಕ್ಕೆ ಹೊರಗೆ ಬರುತ್ತದೆ ಎಂದ. ಮಾಡಿಯೂ ಬಿಟ್ಟ. ಕೆತ್ತನೆ ಕಮಲ ಎಲ್ಲ ಹಳೆಯದರಂತೆಯೇ. ಯಾವುದು ಪೇಶ್ವೆಯರ ಕಾಲದ್ದು, ಯಾವುದು ಮೊನ್ನೆಯದು ಎಂದು ವಾಡೆಯ ಮಾಲೀಕನೂ ಹೇಳಲಾರದಂತೆ.

ಅಲ್ಲಿಗೆ ನಿಲ್ಲಿಸಿದ್ದರೆ ಈ ಲೇಖನ ಬೇಕಾಗುತ್ತಿರಲಿಲ್ಲ. ಆದರೆ ಮೊದಲ ಕಂಬ ಎದ್ದು ನಿಂತ ಕೂಡಲೇ ಅಜ್ಜ ನೆನಪಾದ. ಕಂಬದ ತಲೆಗೂ ತೊಲೆಗೂ ನಡುವೆ ಒಂದು ಬೆರಳು ಸಂದಿ. ಹೊರೆ ಇಲ್ಲ. ಸುಳ್ಳು ಕಂಬ! ಮಲಕಪ್ಪ ಏಣಿ ಹತ್ತಿ ಆ ಸಂದಿಗೆ ಬೆಣೆ ಇಟ್ಟು ಕೊಡತಿಯಿಂದ ಬಾರಿಸಿದ. ಬಾರಿಸಿದ, ಬಾರಿಸಿದ. ಮೇಲಿನ ತೊಲೆ ಕಿರ್ ಎಂದಿತು.

"ಏನ್ ಮಾಡ್ಲಿಕತ್ತೀಯೋ ಮಲಕಪ್ಪಾ? ವಾಡೆ ಎತ್ತಾಂವ ಇದ್ದೀಯೇನು?" ಎಂದು ಕೆಳಗಿನಿಂದ ಕೇಳಿದವರು ಹೆಡ್‌ಕ್ಲಾರ್ಕ್ ಬಿಂದುಮಾಧವರಾಯರು. ಧಾರವಾಡದವರು. ಕನ್ನಡದವರೆಂದು ನಾವು ಅಭಿಮಾನ ಪಡಬೇಕಾದವರು.

"ಕಂಬ ಖರೇ ಆಗಬೇಕಲ್ರೀ ರಾಯರ."

"ವೈರ್ ಮುಚ್ಚೋ ಡಬ್ಬಿಗೆ ಯಾಕಪಾ ಖರೇತನ?"

"ನಾ ಸುಳ್ಳ ಕಂಬ ನಿಲ್ಲಿಸಾಂವಲ್ರಿ. ನಮ್ಮ ಮನಿತನದಾಗ ಅದಿಲ್ಲ."

ಪೊಳ್ಳು ಕಂಬಕ್ಕೆ ಖರೇ ಹೊರೆ ಹೊರಿಸಿದರೆ ಏನಾಗುತ್ತದೆ? ಹೊಟ್ಟೆ ಉಬ್ಬುತ್ತದೆ. ಆ ಮೊದಲ ಕಂಬ, ಅಂದರೆ ಬಿಂದುಮಾಧವರಾಯರ ಮೇಜಿನ ಪಕ್ಕದ್ದು, ಸರಿಯಾಗಿ ಮೇಜಿನ ಎತ್ತರದಲ್ಲಿ ಉಬ್ಬಿ, ಎರಡು ಹೋಳಿನ ನಡುವೆ ಸೀಳು ಬಿಟ್ಟಿತು. ಸೀಳಿನಲ್ಲಿ ವೈರು ಕಂಡಿತು. ವೈರು ಕಾಣಬಾರದು! ಮಲಕಪ್ಪ ಬೆಣೆ ಸಡಿಲ ಮಾಡಲಿಲ್ಲ. ಅದು ಮನೆತನದ ಮಾತು. ಕಂಬದ ನಡುವಿಗೆ ಒಂದು ಹಿತ್ತಾಳೆಯ ಪಟ್ಟಿ ಸುತ್ತಿ, ಉದ್ದನೆಯ ಸ್ಕ್ರೂ ಹಾಕಿ, ಸೀಳು ಮುಚ್ಚುವವರೆಗೂ ತಿರುವಿದ.

ಸ್ಕ್ರೂ ಒಳಗೆ ಹೋಗಿ ವೈರನ್ನು ಕಚ್ಚಿಕೊಂಡಿತು. ಇದು ಆಮೇಲೆ ತಿಳಿದದ್ದು. ಆಗ ಕಂಡದ್ದು ಹೊಳೆಯುವ ಹಿತ್ತಾಳೆ ಮಾತ್ರ.

ಬಿಂದುಮಾಧವರಾಯರು ಆ ಪಟ್ಟಿಯನ್ನು ತಮ್ಮ ಹುದ್ದೆಗೆ ಸಂದ ಗೌರವವೆಂದೇ ತಿಳಿದರು. ಉಳಿದ ಗುಮಾಸ್ತರು ಮುಖ ಊದಿಸಿಕೊಂಡು ತಮಗೂ ಪಟ್ಟಿ ಬೇಕೆಂದರು. ಅಪ್ಪಾಸಾಹೇಬರು ಅವರ ಕಂಬಗಳಿಗೆ ಹಳದಿ ಬಣ್ಣದ ಪಟ್ಟಿ ಬಳಿಸಿದರು.

ಹೀಗಿರಲಾಗಿ ಜೂನ್ ಬಂತು. ಮಳೆ ಹಿಡಿಯಿತು. ಒಂದು ಮಧ್ಯಾಹ್ನ ಬಿಂದುಮಾಧವರಾಯರು ಜೋಡು ಬಿಟ್ಟು, ಯೋಚನೆ ಮಾಡುತ್ತ ಪಟ್ಟಿಯ ಮೇಲೆ ಕೈ ಇಟ್ಟರು. ಜುಂ ಎಂದಿತು. ಕೈ ತೆಗೆದರು. ಮತ್ತೆ ಇಟ್ಟರು. ಮತ್ತೆ ಜುಂ. ಅವರಿಗೆ ಬೆರಳ ಗಂಟಿನ ನೋವು ಬಹಳ ದಿನದ್ದು. ಆ ಸಂಜೆ ನೋವಿಲ್ಲ ಎಂದರು. ನೋವು ಇಲ್ಲದಿದ್ದದ್ದು ಜುಂ ಎಂದದ್ದಕ್ಕೋ, ಅವತ್ತು ಅವರು ಏನೂ ಬರೆಯದೆ ಕೂತಿದ್ದಕ್ಕೋ, ಕೇಳಿದವರಿಲ್ಲ.

"ಕಂಬದಾಗ ಏನೋ ಅದ," ಎಂದರು.

ಇತ್ತು, ನಿಜವೇ. ಅವರೇ ಕೇಳಿ ಹಾಕಿಸಿಕೊಂಡ ಕರೆಂಟು ಇತ್ತು. ಆದರೆ ವೈರು ಕಾಣುತ್ತಿರಲಿಲ್ಲವಲ್ಲ. ಕಾಣದ್ದು ಇಲ್ಲ ಎಂದು ಮರೆಯಲು ವಿದ್ಯಾವಂತನಿಗೆ ಎಷ್ಟು ಹೊತ್ತು ಬೇಕು? ನಾಲ್ಕು ಗುಮಾಸ್ತರು ಮುಟ್ಟಿದರು, ಜುಂ. ಗಿರಾಕಿಗಳು ಮುಟ್ಟಿದರು, ಜುಂ. ಕಂಬದಿಂದ ನರಸಿಂಹ ಬಂದದ್ದನ್ನು ಚಿಕ್ಕಂದಿನಿಂದ ಕೇಳಿದ ಜನ ನಾವು. ಕಂಬ ಜುಂ ಎಂದರೆ ಒಳಗೆ ತಾಮ್ರ ಇದೆ ಎಂದು ಯಾವನಿಗೂ ಹೊಳೆಯಲಿಲ್ಲ. ಕುಂಕುಮ ಬಂತು. ಹೂವು ಬಂತು. ಇಂದಾಪುರದಿಂದ ಕಬ್ಬಿನ ರೈತರು ಮೋಟಾರು ಹಿಡಿದು ಬಂದು, ಕಂಬ ಮುಟ್ಟಿ, ಮುಟ್ಟಿದ ಮೇಲೆ ಬರಿಗೈಯಲ್ಲಿ ಹೋಗಬಾರದೆಂದು ವಿಮೆ ಮಾಡಿಸಿ ಹೋದರು. ಅಪ್ಪಾಸಾಹೇಬರು ಮೊದಲು ನಕ್ಕವರು, ಆಮೇಲೆ ನಗುವುದನ್ನು ಬಿಟ್ಟು ಕಂಬಕ್ಕೆ ರೇಷ್ಮೆಯ ಪಂಚೆ ಉಡಿಸಿದರು.

ಒಂದು ದಿನ ಅಂಗಳದಲ್ಲಿ ಕಾಲು ತೊಳೆದುಕೊಂಡು ಬಂದ ವ್ಯಾಪಾರಿಯೊಬ್ಬ ಮುಟ್ಟಿದವನೇ ಮಾರುದ್ದ ಹಾರಿ ಬಿದ್ದ. ಬಿಂದುಮಾಧವರಾಯರು ಮರುದಿನವೇ ಕಂಬದ ಮುಂದೆ ಒಂದು ಕಟ್ಟಿಗೆಯ ಮಣೆ ಹಾಕಿಸಿದರು. ಭಕ್ತರು ಕಾಲು ಒರೆಸಿಕೊಂಡು, ಮಣೆಯ ಮೇಲೆ ನಿಂತೇ ಮುಟ್ಟಬೇಕು. ಮಣೆಯ ಮೇಲೆ ನಿಂತವರಿಗೆ ಬರೀ ಜುಂ. ಈ ಮಣೆಯನ್ನು, ಓದುಗರೇ, ಚೆನ್ನಾಗಿ ನೋಡಿಕೊಳ್ಳಿ. ದೇವರಿಗೆ ಹೆದರಿದವನು ಮಣೆ ಹಾಕುವುದಿಲ್ಲ, ಕೈ ಮುಗಿಯುತ್ತಾನೆ. ಮಣೆ ಹಾಕಿದವನಿಗೆ ಒಳಗಿರುವುದು ಏನೆಂದು ಗೊತ್ತಿತ್ತು.

ಕಂಬದ ಮುಂದೆ ಒಂದು ಬಲ್ಬನ್ನೂ ಹಾಕಿದರು. ನಂದಾದೀಪ. ಅದು ಆರಬಾರದು. ಅದು ಆರಬಾರದೆಂದರೆ ಮೇನ್ ಸ್ವಿಚ್ಚು ಕೆಳಗೆ ಎಳೆಯಬಾರದು. ಅಲ್ಲಿಯವರೆಗೆ ಸಂಜೆ ಕಚೇರಿ ಮುಚ್ಚುವಾಗ ಮೇನ್ ಆರಿಸುತ್ತಿದ್ದರು; ಬೆಳಗ್ಗೆ ಕಲ್ಲವ್ವ ಬಂದು ನೆಲ ಒರೆಸಿ, ಹುಣಸೆಹಣ್ಣಿನಿಂದ ಪಟ್ಟಿ ತಿಕ್ಕಿ ಮುಗಿಸಿದ ಮೇಲೆ ಹಚ್ಚುತ್ತಿದ್ದರು. ಈಗ ಕರೆಂಟು ಹಗಲೂ ರಾತ್ರಿ ಎಚ್ಚರ. ಕಲ್ಲವ್ವನ ಕೈ ಒದ್ದೆ, ಕಾಲು ಬರಿಗಾಲು, ಅಡಿಯಲ್ಲಿ ಆಗತಾನೇ ಒರೆಸಿದ ಕಲ್ಲು.

ಅವಳು ಚಾಳಿಗೆ ಬಂದವಳೇ ಮಲಕಪ್ಪನ ಬಾಗಿಲು ಬಡಿದಳು.

"ಏ ಮಲಕಣ್ಣಾ, ನಿನ್ನ ಕಂಬ ನನಗ ಒದೀತೋ!"

"ಕಂಬಕ್ಕ ಕಾಲ ಎಲ್ಲೈತೆ ಒದಿಲಿಕ್ಕೆ?"

"ಕಾಲಿಲ್ಲ, ಆದ್ರೂ ಒದೀತು. ರಟ್ಟಿತನಕ ಜಗ್ಗಿತು. ಹಲ್ಲ ಕಟಕಟ ಅಂದ್ವು. ಅಲ್ಲೇ ಬಿದ್ದಿದ್ನಿ."

"ನೀ ಜಾರಿ ಬಿದ್ದಿ. ನೆಲ ನೀನ ಒರಸ್ತಿ, ನೀನ ಜಾರ್ತಿ, ಅಪವಾದ ನನ್ನ ಕಂಬಕ್ಕ. ಇಂದಾಪುರದಿಂದ ಮಂದಿ ಬಂದು ಕೈ ಮುಗೀತಾರ ಅದಕ್ಕ, ಗೊತ್ತೈತೇನು?"

ನೋಡಿ, ಅವನಿಗೂ ತಲೆಗೇರಿತ್ತು.

ಕಲ್ಲವ್ವ ಬಿಂದುಮಾಧವರಾಯರಿಗೆ ಹೇಳಿದಳು. ಅವರು ಸಮಾಧಾನದಿಂದ ಕೇಳಿದರು. ವಿಮಾ ಕಂಪನಿಯವರು ಸಮಾಧಾನದಿಂದ ಕೇಳುವುದರಲ್ಲಿ ಗಟ್ಟಿಗರು.

"ಕಲ್ಲವ್ವಾ, ನಮಗೆಲ್ಲಾ ಜುಂ ಅಂತದ. ನಿನಗ ಒಬ್ಬಾಕಿಗೇ ಒದೀತದ. ಅಂದಮ್ಯಾಲ ತಪ್ಪು ಕಂಬದ್ದೋ, ನಿಂದೋ?"

"ನಿಮ್ಮ ಕಾಲ ಕೆಳಗ ಕಟಗಿ ಮಣಿ ಐತ್ರಿ. ನನ್ನ ಕಾಲ ಕೆಳಗ ನೀರೈತ್ರಿ. ನನಗೂ ಆ ಮಣೀಮ್ಯಾಲ ನಿಂತ ತಿಕ್ಕಾಕ ಬಿಡ್ರಿ."

"ಮಣಿ ದೇವರದವಾ. ಕಸಬರಗಿ ಹಿಡದಾಕಿ ಅದರ ಮ್ಯಾಲ ಹೆಂಗ ನಿಂದರ್ತೀ?"

"ಹಂಗಾರ ಮುಂಜಾನಿ ಒಂದೀಟ ಸ್ವಿಚ್ ಆರಸ್ರಿ."

"ನಂದಾದೀಪ ಆರಸಬೇಕ? ಬಾಯಾಗ ಬರತದ ಹೆಂಗ ನಿನಗ? ಸೋಮವಾರ ಒಪ್ಪೊತ್ತು ಮಾಡು, ಕಡಿಮಿ ಆಗ್ತದ."

ಅವಳು ಸೋಮವಾರ ಒಪ್ಪೊತ್ತು ಮಾಡಿದಳು. ಮಂಗಳವಾರ ಬೆಳಗ್ಗೆ ಕಂಬ ಅವಳನ್ನು ಬಿಂದುಮಾಧವರಾಯರ ಮೇಜಿನ ಕೆಳಕ್ಕೆ ಎಸೆಯಿತು. ಗುರುವಾರವನ್ನೂ ಸೇರಿಸು ಎಂದರು. ಸೇರಿಸಿದಳು. ಮಳೆ ಜೋರಾಯಿತು, ಒದೆತವೂ ಜೋರಾಯಿತು. ಒಂದೊಂದೇ ವಾರ ಸೇರುತ್ತ, ಶ್ರಾವಣ ಬರುವ ಹೊತ್ತಿಗೆ ಆ ಹೆಂಗಸಿಗೆ ಹೊಟ್ಟೆ ತುಂಬ ಉಣ್ಣುವ ದಿನಗಳಿಗಿಂತ ಒಪ್ಪೊತ್ತಿನ ದಿನಗಳೇ ಹೆಚ್ಚಾದವು. ಗುಮಾಸ್ತರು ಅವಳನ್ನು ದೂರದಿಂದ ನೋಡಿ, ಪೂರ್ವಜನ್ಮದಲ್ಲಿ ಏನು ಮಾಡಿದ್ದಳೋ ಎಂದು ಲೊಚಗುಟ್ಟುತ್ತಿದ್ದರು. ಕೆಲಸ ಬಿಡಬೇಕಿತ್ತು ಎನ್ನುತ್ತೀರಾ? ನೀವು ಬಿಡುತ್ತಿದ್ದಿರಾ, ಮನೆಯಲ್ಲಿ ಇಂದೂ ಇದ್ದಾಗ?

ಅವಳಿಗೆ ಒಂದೇ ಚಿಂತೆ. ಒಂದು ಬೆಳಗ್ಗೆ ತಾನು ಏಳದಿದ್ದರೆ ಮಗಳ ಗತಿ ಏನು? ಕೆಲಸ ಮಾಡುವುದು ವಿಮಾ ಕಚೇರಿಯಲ್ಲಿ; ದಿನವೂ ಕಿವಿಯ ಮೇಲೆ ಬೀಳುವುದು ಅದೇ ಮಾತು. ಸೆರಗು ಹೊದ್ದು, ಬಿಂದುಮಾಧವರಾಯರ ಮೇಜಿನ ಮುಂದೆ ಎಲ್ಲರಂತೆ ನಿಂತಳು.

"ನನ್ನ ಜೀವಕ್ಕೊಂದು ವಿಮಾ ಮಾಡ್ರಿ ರಾಯರ. ಪಗಾರದಾಗ ಹಿಡಕೋರಿ."

ರಾಯರಿಗೆ ಅದು ಬಹಳ ಮೆಚ್ಚಿಗೆಯಾಯಿತು. ಲೇಖಣಿ ತೆಗೆದರು. ವಯಸ್ಸು ಕೇಳಿದರು, ಕಾಯಿಲೆ ಕೇಳಿದರು. "ಕೆಲಸದಾಗ ಜೀವಕ್ಕ ಏನರ ಅಪಾಯ ಅದ ಏನು?"

"ಕಂಬ ತಿಕ್ಕತೀನ್ರಿ."

ಲೇಖಣಿ ನಿಂತಿತು. ರಾಯರು ಎದ್ದು ಅಪ್ಪಾಸಾಹೇಬರ ಕೋಣೆಗೆ ಹೋದರು. ಬಾಗಿಲು ಮುಚ್ಚಿತು, ತೆರೆಯಿತು.

"ಆಗಂಗಿಲ್ಲವಾ. ರಿಸ್ಕ್ ಭಾಳ ಅದ."

"ಯಾತರದ್ರಿ ರಿಸ್ಕು?"

"ಅದಽ... ಆ ಕಂಬದ್ದು."

"ಕಂಬ ದೇವರಲ್ಲೇನ್ರಿ?"

"ದೇವರ ಖರೆ. ಆದ್ರ ದಿನಾ ಒದ್ದೀ ಕೈಲೆ ದೇವರನ್ನ ಮುಟ್ಟಾಕಿನ್ನ ಕಂಪನಿ ಹೆಂಗ ಒಪ್ಪಿಗೋತದ?"

ನಾನು ಇದಕ್ಕೆ ಒಂದು ಅಕ್ಷರವನ್ನೂ ಸೇರಿಸಿಲ್ಲ. ಸೇರಿಸುವ ಅಗತ್ಯವೂ ಇಲ್ಲ.

ಅವತ್ತು ಸಂಜೆ ಕಲ್ಲವ್ವ ಮಲಕಪ್ಪನ ಮುಂದೆ ಅಳಲಿಲ್ಲ. ಕಟ್ಟೆಯ ಮೇಲೆ ಕೂತು ಕೇಳಿದಳು: "ನಾ ಸತ್ರ ಇಂದೂನ್ನ ನೀ ಸಾಕ್ತಿ, ಏನ್ ಮಾಡ್ತಿ?"

"ಏನ್ ಮಾತಾಡ್ತಿ ನೀ?"

"ಕಂಪನ್ಯಾವ್ರು ಹೇಳ್ಯಾರ. ನಿನ್ನ ಕಂಬದ ಮುಂದ ನನ್ನ ಜೀವಕ್ಕ ಗ್ಯಾರಂಟಿ ಇಲ್ಲಂತ."

ಮಲಕಪ್ಪ ನಿಗಿನಿಗಿಯಾದ. ಅವಳ ಜೀವದ ಮಾತಿಗಲ್ಲ, ಅವನ ಕೆಲಸಕ್ಕೆ ರಿಸ್ಕ್ ಎಂದದ್ದಕ್ಕೆ. "ನನ್ನ ಕಂಬಕ್ಕ? ಸೋಮವಾರ ಮುಂಜಾನೆ ನಾನ ಬರ್ತೀನಿ. ನೀ ಹೆಂಗ ತಿಕ್ಕತಿ, ಹಂಗ ತಿಕ್ಕಿ ತೋರಸ್ತೀನಿ."

ಬಂದ. ಅವತ್ತು ಶ್ರಾವಣ ಸೋಮವಾರ. ಕಚೇರಿ ಕೆಲಸ ಶುರುವಾಗುವ ಮೊದಲೇ ಭಕ್ತರ ಸಾಲು ಹಜಾರ ತುಂಬಿತ್ತು. ಅಪ್ಪಾಸಾಹೇಬರು ಸ್ವತಃ ಆರತಿಯ ತಟ್ಟೆ ಹಿಡಿದಿದ್ದರು. ಮಲಕಪ್ಪ ಮಣೆ ಹತ್ತಲು ಹೋದ.

"ಅದರ ಮ್ಯಾಲಲ್ಲ," ಎಂದಳು ಕಲ್ಲವ್ವ. "ಚಪ್ಪಲಿ ತೆಗಿ. ಇಲ್ಲಿ, ನೀರಾಗ ನಿಂದ್ರು." ಹುಣಸೆಹಣ್ಣು ನೆನೆಸಿದ ಬಟ್ಟಲನ್ನು ಅವನ ಕೈಗೆ ಕೊಟ್ಟಳು. "ಹೂಂ. ಈಗ ತಿಕ್ಕು."

ಮಲಕಪ್ಪ ಜನರ ಕಡೆಗೆ ತಿರುಗಿ ಮೀಸೆ ಸವರಿಕೊಂಡು, ಹಿತ್ತಾಳೆ ಪಟ್ಟಿಯ ಮೇಲೆ ಕೈ ಇಟ್ಟ.

ಅವನು ಎಲ್ಲಿ ಬಿದ್ದ ಎಂಬುದರ ಬಗ್ಗೆ ಎರಡು ಅಭಿಪ್ರಾಯಗಳಿವೆ. ಟಪಾಲು ಪೆಟ್ಟಿಗೆಯ ಮೇಲೆ ಎಂದು ಕೆಲವರು, ಇಂದಾಪುರದ ರೈತನೊಬ್ಬನ ಮಡಿಲಲ್ಲಿ ಎಂದು ಕೆಲವರು. ಬಟ್ಟಲು ಮಾತ್ರ ಅಪ್ಪಾಸಾಹೇಬರ ಪಗಡಿಯ ಮೇಲೆ ಕವುಚಿತು. ಸಾಲಿನಲ್ಲಿದ್ದವರು ಒಂದೇ ದನಿಯಲ್ಲಿ ಉದ್ಗರಿಸಿದರು: "ಮಹಾಪಾಪಿ!"

ಪಾಪಿ ಎದ್ದು ಕೂತ. ಕೈ ನೋಡಿಕೊಂಡ. ಕಲ್ಲವ್ವನನ್ನು ನೋಡಿದ. ಇಷ್ಟು ದಿನ ಬೆಳಗ್ಗೆ ಬೆಳಗ್ಗೆ ಇವಳು ತಿಂದದ್ದು ಇದನ್ನೇ, ಅದೂ ಖಾಲಿ ಹೊಟ್ಟೆಯಲ್ಲಿ. ಮೇಲೆದ್ದ. ಬಾಗಿಲ ಬಳಿ ಹೋಗಿ ಮೇನ್ ಸ್ವಿಚ್ಚನ್ನು ಕೆಳಗೆ ಎಳೆದ.

ನಂದಾದೀಪ ಆರಿತು. ಕೂಗಾಟ ಎದ್ದಿತು. ಅದರ ನಡುವೆಯೇ ಮಲಕಪ್ಪ ರೇಷ್ಮೆಯ ಪಂಚೆ ಕಿತ್ತು ಬಿಸಾಡಿ, ಸ್ಕ್ರೂ ಬಿಚ್ಚಿದ. ಸ್ಕ್ರೂವಿನ ಮೂತಿ ಸುಟ್ಟು ಕಪ್ಪಾಗಿತ್ತು. ಪಟ್ಟಿ ಕಳಚಿದ ಕೂಡಲೇ ಕಂಬದ ಹೊಟ್ಟೆ ಮತ್ತೆ ಸೀಳಿತು. ಒಳಗೆ ರಬ್ಬರು ಹರಿದು, ತಾಮ್ರ ಹಲ್ಲು ಕಿಸಿದು ನಿಂತಿತ್ತು.

"ನೋಡ್ರಿ ನಿಮ್ಮ ದೇವರು!" ಎಂದು ಕೂಗಿದ. "ನಾನ ಮಾಡೇನ್ರಿ ಇದನ್ನ. ಕಂಬ ಖರೇ ಆಗ್ಲೆಂತ ಬೆಣಿ ಹೊಡದೆ, ಹೊಟ್ಟಿ ಒಡೀತು, ಮುಚ್ಚಾಕ ಸ್ಕ್ರೂ ತಿರುವಿದೆ. ಈ ಹೆಣ್ಮಗಳು ಸಾಯ್ತಿದ್ಲು!"

ಅಪ್ಪಾಸಾಹೇಬರು ಹುಣಸೆ ನೀರು ಸುರಿಯುವ ಮುಖವನ್ನು ಕಂಬದ ಹತ್ತಿರ ತಂದು ಬಗ್ಗಿ ನೋಡಿದರು. ಅವರ ಬಾಯಿಂದ ಬಂದ ಮೊದಲ ಮಾತು: "ವೈರು ಕಾಣುತ್ತಿದೆ! ಮುಚ್ಚು, ಮೊದಲು ಮುಚ್ಚು!"

"ಹೆಣ್ಮಗಳು ಸಾಯ್ತಿದ್ಲರಿ ಸಾಹೇಬ್ರ."

"ಅದು ಆಮೇಲೆ. ಜನ ನಿಂತಿದ್ದಾರೆ. ಮುಚ್ಚು."

ಮಲಕಪ್ಪ ಮುಚ್ಚಲಿಲ್ಲ. ಏಣಿ ತಂದು ತಲೆಯ ಮೇಲಿನ ಬೆಣೆಯನ್ನೂ ಬಡಿದು ಕೆಳಗೆ ಬೀಳಿಸಿದ. ವಂಶಕ್ಕೆ ಕೇಡು ಎಂದು ನಂಬಿದವನು, ತನ್ನ ಕೈಯಾರೆ ತನ್ನ ಕಂಬವನ್ನು ಸುಳ್ಳು ಮಾಡಿದ. ನಾನು ಅವನನ್ನು ಹೊಗಳಬೇಕೆಂದರೆ ಈ ಒಂದು ಕೆಲಸಕ್ಕೆ ಹೊಗಳುತ್ತೇನೆ. ಉಳಿದದ್ದಕ್ಕೆ ಕಪಾಳಕ್ಕೆ ಹೊಡೆಯಬೇಕು.

ಆಮೇಲೆ ಏನಾಯಿತು? ಭಕ್ತರು ಕಣ್ಣು ತೆರೆದು ಮನೆಗೆ ಹೋದರೆಂದು ತಿಳಿದಿರಾ? ದೀಪ ಆರಿಸಿದ್ದರಿಂದ ದೇವರು ಮುನಿದು ಎದ್ದು ಹೋದ ಎಂದು ಸಾಲಿನಲ್ಲೇ ತೀರ್ಮಾನವಾಯಿತು. ಆರಿಸಿದವನು ಮಲಕಪ್ಪ, ಅವನನ್ನು ಕರೆತಂದವಳು ಕಲ್ಲವ್ವ. ಇಬ್ಬರನ್ನೂ ಅವತ್ತೇ ಹೊರಗೆ ಹಾಕಿದರು. ಕಲ್ಲವ್ವನ ಜೀವ ಉಳಿಯಿತು, ಕೆಲಸ ಹೋಯಿತು. ಈಗ ಒಂದು ಖಾನಾವಳಿಯಲ್ಲಿ ಪಾತ್ರೆ ತಿಕ್ಕುತ್ತಾಳೆ. ಸೋಮವಾರವೂ ಹೊಟ್ಟೆ ತುಂಬ ಉಣ್ಣುತ್ತಾಳೆ. ಮಲಕಪ್ಪನನ್ನು ಯಾವ ಕಚೇರಿಯೂ ಒಳಗೆ ಬಿಡಲಿಲ್ಲ. ಕರೆಂಟು ಇನ್ನೂ ಕಾಲಿಡದ ಧನಕವಡಿಯಲ್ಲಿ ಬಂಡಿಯ ಗಾಲಿ ಮಾಡಿಕೊಂಡಿದ್ದಾನೆ. ಮೊನ್ನೆ ಭೇಟಿಯಾದಾಗ, ತಾನು ಬಿದ್ದದ್ದು ರೈತನ ಮಡಿಲಲ್ಲಲ್ಲ, ಅವನನ್ನೂ ದಾಟಿ ಆಚೆ ಎಂದ.

ಕಂಪನಿ ಬೇರೆ ವೈರ್‌ಮನ್‌ನನ್ನು ಕರೆಸಿತು. ಅವನು ಹಳೆಯ ಸ್ಕ್ರೂವನ್ನೇ ಹಳೆಯ ತೂತಿಗೆ ತಿರುವಿದ. ಸೀಳು ಮುಚ್ಚಿದೆ. ವೈರು ಕಾಣುವುದಿಲ್ಲ. ದೇವರು ಮರಳಿ ಬಂದಿದ್ದಾನೆ, ನಂದಾದೀಪ ಉರಿಯುತ್ತಿದೆ. ಹಿತ್ತಾಳೆ ತಿಕ್ಕಲು ಭಾಮಾ ಎಂಬ ಹೊಸ ಹೆಂಗಸನ್ನು ಇಟ್ಟಿದ್ದಾರೆ. ಅವಳಿಗೆ ಸೋಮವಾರದ ಒಪ್ಪೊತ್ತು ಹೇಳಿಯಾಗಿದೆ.

ನಿಮ್ಮಲ್ಲಿ ಆ ಕಂಪನಿಗೆ ಹಪ್ತೆ ಕಟ್ಟುವವರು ಇದ್ದೀರಿ. ಆ ಮಣೆಯ ಮೇಲೆ ನಿಂತು ಕೈ ಮುಗಿದು ಬಂದವರೂ ಇದ್ದೀರಿ. ನನಗೆ ಮುಖಗಳು ಗೊತ್ತು. ನಾಳೆ ಬೆಳಗ್ಗೆ ಭಾಮಾ ಬಟ್ಟೆ ಒದ್ದೆ ಮಾಡುವ ಮೊದಲು ಅಲ್ಲಿಗೆ ಹೋಗಿ. ಸ್ವಿಚ್ಚು ಬಾಗಿಲ ಬಲಗಡೆ ಇದೆ. ಅದನ್ನು ಕೆಳಗೆ ಎಳೆದು, ಅವಳು ತಿಕ್ಕಿ ಮುಗಿಸಿ ಕೈ ಒರೆಸಿಕೊಳ್ಳುವವರೆಗೂ ಅದಕ್ಕೆ ಬೆನ್ನು ಕೊಟ್ಟು ನಿಲ್ಲಿ. ಯಾರು ಬಂದು ಕೇಳಿದರೂ ಅಲ್ಲಿಂದ ಸರಿಯಬೇಡಿ.